ಸೈಕಲ್ ಬಿಡಿ, ಓಟ ಹಿಡಿಯಿರಿ: ಟ್ರಯಥ್ಲಾನ್ ಗೆಳೆಯರಿಗೆ ಕೂಗಿದ ನನ್ನ ಅನುಭವ

ಫುಲ್ ಡಿಸ್ಟೆನ್ಸ್ ಟ್ರಯಥ್ಲಾನ್ ಅಂದರೆ ಒಂದರ ಹಿಂದೊಂದು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಅದರಲ್ಲಿ ಸೈಕಲ್ ಭಾಗ ನೋಡೋದೇ ಇಲ್ಲ ಅಂತ ನಾನು ಹೇಳಿದಾಗ ಜೊತೆಗೆ ಕೂಗೋಕೆ ಬರುವ ಗುಂಪಿನವರು ನಕ್ಕರು. "ಮಲಗೋಕೆ ಅಷ್ಟು ದೂರ ಬರ್ತೀಯಾ?" ಅಂದರು. ಈ ಸಲ ಓಡುತ್ತಿದ್ದ ಮೂವರು ಗೆಳೆಯರಲ್ಲಿ ಒಬ್ಬೊಬ್ಬರನ್ನೂ ಐದಾರು ಸಲ ನೋಡಿದೆ. ಮೂವರೂ ನನ್ನನ್ನು ನೋಡಿದರು. ಅದು ಇನ್ನೂ ಮುಖ್ಯ. ನಕ್ಕವರು ಆ ಹೊತ್ತಿಗೆ ಬಂದ್ ಆದ ರಸ್ತೆಯ ಆಚೆ ಬದಿಯಲ್ಲಿ, ಕಾರಿನೊಳಗೆ ಕೂತಿದ್ದರು.

ಹಿಂದಿನ ರೇಸ್‌ಗಳಲ್ಲಿ ನಾವೂ ಕಾರು ಹತ್ತಿ 180 ಕಿ.ಮೀ. ಬೆನ್ನಟ್ಟಿದವರೇ. ಬಾಡಿಗೆ, ಪೆಟ್ರೋಲ್, ಪಾರ್ಕಿಂಗ್ ಎಲ್ಲಾ ಸೇರಿ ರೂಮಿನ ಖರ್ಚಿಗಿಂತ ಜಾಸ್ತಿ ಆಗುತ್ತಿತ್ತು. ಅದಕ್ಕೆ ಸಿಕ್ಕಿದ್ದೇನು? ಗಂಟೆಗೆ 35 ಕಿ.ಮೀ. ವೇಗದಲ್ಲಿ ಬರುವವರು ಕಣ್ಣಿಗೆ ಬಿದ್ದು ಮರೆಯಾಗೋಕೆ ನಾಲ್ಕೈದು ಸೆಕೆಂಡ್ ಸಾಕು. ಎಲ್ಲರದ್ದೂ ಹೆಲ್ಮೆಟ್, ಕಪ್ಪು ಕನ್ನಡಕ, ಬಗ್ಗಿಸಿದ ತಲೆ. ಒಂದು ಸಲ ಯಾರೋ ಪರಿಚಯವೇ ಇಲ್ಲದ ಹೆಂಗಸಿಗೆ ಗಂಟಲು ಹರಿಯುವ ಹಾಗೆ ಕೂಗಿದೆವು. ಆಕೆ ಖುಷಿಯಾಗಿ ಕೈ ಬೀಸಿದರು. ನಮ್ಮವಳು ಅಷ್ಟರಲ್ಲಿ ದಾಟಿ ಹೋಗಿದ್ದಳು.

ಈಜಿನ ಕಥೆ ಇನ್ನೂ ಚಿಕ್ಕದು. ಒಂದೇ ಬಣ್ಣದ ಟೋಪಿಗಳು, ವೆಟ್‌ಸೂಟ್‌ಗಳು. ದುಡ್ಡು ಕೊಟ್ಟು ತಂದ ದುರ್ಬೀನಿನಲ್ಲಿ ಕಂಡಿದ್ದು ಬರೀ ನೀರು. ಈಗ ನೀರಿನಿಂದ ಮೇಲೆ ಬರುವ ಜಾಗದಲ್ಲಿ ನಿಂತು ಒಂದು ಸಲ ಕೂಗುತ್ತೇನೆ. ಮೂವರೂ ಸೈಕಲ್ ಹತ್ತಿದ್ದು ಗೊತ್ತಾದರೆ ವಾಪಸ್ ರೂಮಿಗೆ, ನಿದ್ದೆಗೆ. ಕಾರಿನ ದುಡ್ಡನ್ನು ಓಟದ ದಾರಿಗೆ ನಡೆದು ಹೋಗುವಷ್ಟು ಹತ್ತಿರದ ರೂಮಿಗೆ ಹಾಕುತ್ತೇನೆ. ಬಾಡಿಗೆ ದುಬಾರಿ, ನಿಜ. ಲೆಕ್ಕ ಹಾಕಿದರೆ ಒಟ್ಟು ಖರ್ಚು ಮೂರರಲ್ಲಿ ಒಂದು ಭಾಗ ಕಡಿಮೆಯೇ ಆಯಿತು.

ಇನ್ನು ಓಟ. ನಾವು ಹೋದ ಕಡೆ ಹೋಗಿ-ಬರುವ ಹಾದಿ, ಸುಮಾರು 14 ಕಿ.ಮೀ.ಯ ಮೂರು ಸುತ್ತು. ಸರಿಯಾದ ಜಾಗ ಹಿಡಿದರೆ ಒಬ್ಬರನ್ನು ಒಂದೊಂದು ಸುತ್ತಿನಲ್ಲೂ ಎರಡು ಸಲ ನೋಡಬಹುದು. ಜಾಗ ಹುಡುಕೋದರಲ್ಲೇ ಇರೋದು ಎಲ್ಲಾ. ನೀರು ಕೊಡುವ ಸ್ಟೇಷನ್‌ಗೆ ಮೊದಲು ನಿಲ್ಲಬೇಡಿ, ಅವರ ತಲೆಯಲ್ಲಿ ಆಗ ಕೋಲಾ ಬೇಕಾ, ಐಸ್ ಬೇಕಾ ಅನ್ನೋದಷ್ಟೇ ಇರುತ್ತದೆ. ದಾಟಿ ನೂರಿನ್ನೂರು ಮೀಟರ್ ಆದ ಮೇಲೆ ನಿಲ್ಲಿ. ಕುಡಿದಾಗಿರುತ್ತದೆ, ಮತ್ತೆ ಓಡೋದಾ ಬೇಡವಾ ಅಂತ ಯೋಚನೆ ಮಾಡುತ್ತಿರುತ್ತಾರೆ. ಕೂಗು ನಾಟೋದು ಆಗಲೇ. ಯಾವ ಬದಿಯಲ್ಲಿ ಇರುತ್ತೀರಿ ಅಂತ ಹಿಂದಿನ ದಿನವೇ ಹೇಳಿಬಿಡಿ. ಆಮೇಲೆ ಏನೇ ಆದರೂ ಜಾಗ ಬದಲಾಯಿಸಬಾರದು.

ಯಾವಾಗ ಬರುತ್ತಾರೆ ಅನ್ನೋದಕ್ಕೆ ಟ್ರ್ಯಾಕರ್ ಆ್ಯಪ್ ಒಂದನ್ನೇ ನಂಬಿದರೆ ಕೆಟ್ಟಿರಿ. ಓಡುವವರ ಕಾಲಿಗೆ ಕಟ್ಟಿದ ಟೈಮಿಂಗ್ ಚಿಪ್, ದಾರಿಯಲ್ಲಿ ಅಲ್ಲಲ್ಲಿ ಹಾಸಿದ ಮ್ಯಾಟ್ ಮೇಲೆ ಹಾದಾಗ ಮಾತ್ರ ಅದಕ್ಕೆ ಸುದ್ದಿ. ಮಧ್ಯದಲ್ಲಿ ಅವರು ನಡೆದರೋ, ಟಾಯ್ಲೆಟ್‌ಗೆ ಹೋದರೋ, ಅದಕ್ಕೇನು ಗೊತ್ತು? ನಾನು ಚೀಟಿಯಲ್ಲಿ ಲೆಕ್ಕ ಇಡುತ್ತೇನೆ. ಮೊದಲ ಸುತ್ತು ಒಂದೂವರೆ ಗಂಟೆ ಆಗಿದ್ದರೆ ಎರಡನೆಯದಕ್ಕೆ ಹತ್ತು ಹನ್ನೆರಡು ನಿಮಿಷ ಸೇರಿಸುತ್ತೇನೆ, ಮೂರನೆಯದಕ್ಕೆ ಇನ್ನಷ್ಟು. ಯಾರಿಗೆ ಎಷ್ಟು ಸೇರಿಸಬೇಕು ಅನ್ನೋದಕ್ಕೆ ಅವರ ತರಬೇತಿ ಓಟಗಳಲ್ಲಿ ಒಂದು ಗುರುತು ನೋಡಿಟ್ಟುಕೊಂಡಿರುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ.

ಸದ್ದಿನ ಪ್ರಯೋಗವೂ ಬೇಕಾದಷ್ಟು ಆಗಿದೆ. ಸ್ಪೀಕರ್ ತಂದೆವು, ಪಕ್ಕದವರು ಬೈದರು. ಪೀಪಿ ಊದಿ ಊದಿ ಅರ್ಧ ಗಂಟೆಗೆ ನನಗೇ ತಲೆನೋವು. ಹಸುವಿನ ಗಂಟೆ ಒಳ್ಳೆಯದು, ಆದರೆ ಕೈ ಸೋಲುತ್ತದೆ, ಅದಕ್ಕೆ ಕೋಲಿನ ತುದಿಗೆ ಕಟ್ಟಿದೆ. ಅದೇ ಕೋಲಿಗೆ ಗುಲಾಬಿ ಬಣ್ಣದ ಬಟ್ಟೆ, ಕತ್ತಲಾದ ಮೇಲೆ ಬ್ಯಾಟರಿ ದೀಪದ ಸರ. ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಬ್ಯಾನರ್ ಮಾತ್ರ ಶುದ್ಧ ದಂಡ. 30 ಕಿ.ಮೀ. ಆದ ಮೇಲೆ ಯಾರೂ ಓದುವ ಸ್ಥಿತಿಯಲ್ಲಿ ಇರಲ್ಲ.

ಏನು ಕೂಗಬೇಕು ಅನ್ನೋದು ಎಲ್ಲರಿಗೂ ಗೊತ್ತು, ಆದರೂ "ಇನ್ನೇನು ಬಂದೇಬಿಡ್ತು" ಅನ್ನೋರು ಇದ್ದೇ ಇರುತ್ತಾರೆ. ಇನ್ನೂ 20 ಕಿ.ಮೀ. ಇರುವವರಿಗೆ ಅದು ಬೈಗುಳ. ನಾನು ಹೆಸರು ಕೂಗಿ ಒಂದು ಹಳೇ ಜೋಕು ನೆನಪಿಸುತ್ತೇನೆ, ಅಷ್ಟೇ. ಪಕ್ಕದಲ್ಲಿ ಓಡೋದು, ಕೈಗೆ ಏನಾದರೂ ಕೊಡೋದು ಬೇಡವೇ ಬೇಡ. ಹೊರಗಿನ ಸಹಾಯ ಅಂತ ಅವರನ್ನೇ ರೇಸ್‌ನಿಂದ ತೆಗೆದುಹಾಕಬಹುದು. 1978ರಲ್ಲಿ ಹವಾಯಿಯಲ್ಲಿ ಈ ದೂರದ ಮೊದಲ ರೇಸ್ ಆದ ಐರನ್‌ಮ್ಯಾನ್ ನಡೆದಾಗ ಇದೆಲ್ಲಾ ತಿರುಗುಮುರುಗು. ಹೊರಟವರು 15 ಜನ, ನೀರು, ತಿಂಡಿ ಕೊಡೋಕೆ ತಮ್ಮವರನ್ನು ತಾವೇ ಕರೆದುಕೊಂಡು ಬರಬೇಕಿತ್ತು. ಎರಡನೆಯವನಾಗಿ ಬಂದ ಜಾನ್ ಡನ್ಬಾರ್‌ನ ಕಡೆಯವರ ಹತ್ತಿರ ನೀರು ಮುಗಿದು ಬಿಯರ್ ಕೊಟ್ಟಿದ್ದರಂತೆ!

ನನ್ನ ವಿಧಾನಕ್ಕೆ ನಿಜವಾದ ಪರೀಕ್ಷೆ ಆಗಿದ್ದು ನಮ್ಮ ನಿಧಾನಿ ಗೆಳೆಯನ ಮೂರನೇ ಸುತ್ತಿನಲ್ಲಿ. ರೇಸ್‌ನ ಗಡುವು 17 ಗಂಟೆ, ಅದರೊಳಗೆ ಅವನು ಮುಗಿಸಲ್ಲ ಅಂತ ಆ್ಯಪ್ ತೋರಿಸುತ್ತಿತ್ತು. ಅವನ ವಾಚಿನ ಬ್ಯಾಟರಿ ಸತ್ತಿತ್ತು. ರೋಲಿಂಗ್ ಸ್ಟಾರ್ಟ್, ಅಂದರೆ ಎಲ್ಲರೂ ಒಟ್ಟಿಗಲ್ಲದೆ ಸಾಲಾಗಿ ನೀರಿಗಿಳಿಯೋದು, ಆದ್ದರಿಂದ ಅಲ್ಲಿ ಒಬ್ಬೊಬ್ಬರ ಗಡುವೂ ಅವರು ನೀರಿಗಿಳಿದ ಹೊತ್ತಿನಿಂದ ಶುರು. ನಾನು ಬೆಳಿಗ್ಗೆಯೇ ಅದನ್ನು ಬರೆದಿಟ್ಟಿದ್ದೆ. ಅವನು ಬಂದಾಗ ಇನ್ನೂ ಸುಮಾರು 10 ಕಿ.ಮೀ. ಬಾಕಿ, ಕೈಯಲ್ಲಿ ನೂರಾಹತ್ತು ನಿಮಿಷದ ಹತ್ತಿರ. ಕಿ.ಮೀ.ಗೆ 11 ನಿಮಿಷ. ಬಿರುಸಾಗಿ ನಡೆದರೆ ಸಾಕು!

"ಓಡೋದು ಬೇಡ, ಬಿರುಸಾಗಿ ನಡಿ. ಎಲ್ಲೂ ನಿಲ್ಲಬೇಡ, ಟೈಮ್ ಇದೆ" ಅಂದೆ.

"ಸುಮ್ನೆ ಹೇಳ್ತಿದ್ದೀಯಾ?" ಅಂದ.

"ನಿನ್ನ ಟೈಮ್ ಬರೆದಿಟ್ಟಿದ್ದೀನಿ ಕಣೋ, ನಡಿ!"

ಅದರ ಜೊತೆ ಇನ್ನೊಂದು ಮಾತನ್ನೂ ಹೇಳಿದೆ. ಅದನ್ನು ಬರೆದರೆ ಮುಂದಿನ ಸಲ ಅವನ ಮೇಲೆ ನಡೆಯಲ್ಲ. ಗಡುವಿಗೆ ಹತ್ತು ನಿಮಿಷದಷ್ಟು ಇರುವಾಗ ಅವನು ಮುಗಿಸಿದ.

ಒಂದು ಕೆಲಸಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಮುಗಿದ ಮೇಲೆ ಸೈಕಲ್ ಬಿಡಿಸಿಕೊಳ್ಳೋಕೆ ಕೈಗೆ ರೇಸ್ ಪಟ್ಟಿ ಕಟ್ಟಿಕೊಂಡವರೇ ಬರಬೇಕು ಅಂತ ಗೇಟಿನವರು ಪಟ್ಟು ಹಿಡಿದರು. ನಡೆಯಲಾಗದವನನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೋದೆವು. ವಾಪಸ್ ಬರುವಾಗ ಮೂರು ಸೈಕಲ್, ಆರು ಚೀಲ, ಗಂಟೆ ಕಟ್ಟಿದ ಆ ಕೋಲು, ಹೊರೋದಕ್ಕೆ ನಾನೊಬ್ಬನೇ. ಕಾರಿನವರಿಗೆ ಫೋನ್ ಮಾಡಿ ಕರೆಸಿದೆ. ಅಷ್ಟಕ್ಕಾದರೂ ಬೇಕಾದೆವಲ್ಲ ಅಂದರು.