ಕುಡಿದ ದಿನಗಳ ಲೆಕ್ಕ ನನಗೆ ಸಿಕ್ಕಿದ್ದು ಹೀಗೆ

"ಕುಡಿಯುವವರ ಮಾತು ನಂಬಿಕೊಂಡು ಸ್ಟಡಿ ಮಾಡ್ತೀರಾ?" ಅಂತ ನಮ್ಮ ಡಾಕ್ಟರೊಬ್ಬರು ಮೊದಲ ದಿನವೇ ನಕ್ಕಿದ್ದರು. ಈಗ ಅವರೇ ನನ್ನ ಫಾರಂ ಕೇಳಿ ತಗೊಂಡು ಹೋಗಿದ್ದಾರೆ.

ಕಾರವಾರ, ಅಂಕೋಲಾ ಕಡೆ ಕುಡಿತ ಬಿಡಿಸುವ ಚಿಕಿತ್ಸೆ ಮುಗಿಸಿ ಮನೆಗೆ ಹೋದ ಸುಮಾರು 40 ಜನ, ಆಮೇಲೆ ಯಾವ ದಿನ ಎಷ್ಟು ಕುಡಿದರು ಅಂತ ತಿಳಿಯೋದೇ ನನ್ನ ಸ್ಟಡಿ. ಹೆಚ್ಚಿನವರು ಬೋಟಿಗೆ ಹೋಗುವವರು. ಮೊದಲ ಎರಡು ತಿಂಗಳ ಕೆಲಸ ಪೂರ್ತಿ ದಂಡ. ಚಿಕಿತ್ಸೆ ಕೊಟ್ಟ ಕೌನ್ಸೆಲರೇ ಕೇಳುತ್ತಿದ್ದರು, ಪಕ್ಕದಲ್ಲಿ ಹೆಂಡತಿ ಕೂತಿರುತ್ತಿದ್ದರು. "ಒಂದು ಹನಿ ಮುಟ್ಟಿಲ್ಲ ಸರ್." ಮತ್ತೇನು ಹೇಳ್ತಾರೆ?

ಆಮೇಲೆ ರಕ್ತದ ಹಿಂದೆ ಬಿದ್ದೆ. ಜಿಜಿಟಿ ಅಂದರೆ ಕುಡಿದರೆ ಏರುವ ಲಿವರ್ ಕಿಣ್ವದ ಪರೀಕ್ಷೆ, ಒಂದಕ್ಕೆ ಇನ್ನೂರು ರೂಪಾಯಿ ಹತ್ತಿರ. ಎಂಟು ಸಾವಿರ ಹೋಯಿತು, ಅದರಲ್ಲಿ ಸ್ವಲ್ಪ ನನ್ನ ಜೇಬಿನದ್ದೇ. ಫಿಟ್ಸ್ ಮಾತ್ರೆ ನುಂಗುವವನಿಗೆ ಕುಡಿಯದಿದ್ದರೂ ಜಾಸ್ತಿ ಬಂತು. ವಾರಕ್ಕೊಮ್ಮೆ ಕುಡಿಯುವವನಿಗೆ ನಾರ್ಮಲ್. ಪೆತ್ (PEth) ಅನ್ನೋ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದ್ದರೆ ಎರಡು ಮೂರು ವಾರದ ಹಿಂದಿನದೂ ಸಿಗುತ್ತಿತ್ತು, ಆದರೆ ಅಷ್ಟು ದುಡ್ಡು ಯಾರು ಕೊಡ್ತಾರೆ?

ಕೊನೆಗೆ ಸೊಬೆಲ್ ಅನ್ನೋ ಮನಶ್ಶಾಸ್ತ್ರಜ್ಞ ದಂಪತಿಯ ಹಳೆಯ ಕ್ಯಾಲೆಂಡರ್ ವಿಧಾನಕ್ಕೇ ಬಂದೆ: ಕ್ಯಾಲೆಂಡರ್ ಮುಂದಿಟ್ಟು ದಿನದಿನದ ಕುಡಿತ ನೆನಪಿಸಿ ಬರೆಸೋದು. ಆದರೆ ತಾರೀಕು ಹಿಡಿದು ಕೇಳಿದರೆ ನಮ್ಮವರಿಗೆ ನೆನಪಾಗಲ್ಲ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದದ್ದು, ನಾರಳಿ ಹುಣ್ಣಿಮೆ, ಚೌತಿ, ಬೋಟಿನ ಪಾಲು ಹಂಚಿದ ದಿನ, ಇವನ್ನು ಮೊದಲು ಗುರುತು ಹಾಕಿಸಿದೆ. "ಅವತ್ತು ಬಂಗಡೆ ಭರ್ತಿ ಸಿಕ್ಕಿತ್ತು ಸರ್... ಹೌದು, ರಾತ್ರಿ ಒಂದು ಕ್ವಾರ್ಟರ್ ಆಯ್ತು." ಹಾಗೆ ಬಾಯಿ ಬಿಡ್ತಾರೆ.

ಪೆಗ್ ಲೆಕ್ಕ ಕೇಳಲೇಬೇಡಿ. ಸುಮ್ನೆ ಒಂದು ಪ್ರಯೋಗ ಮಾಡಿದೆ: ಹಾಲಿಲ್ಲದ ಚಹಾ ಕೊಟ್ಟು, ಸ್ಟೀಲ್ ಲೋಟಕ್ಕೆ "ನಿಮ್ಮ ಒಂದು ಪೆಗ್ ಹಾಕಿ ಅಣ್ಣಾ" ಅಂದೆ. 30 ಎಂಎಲ್ ಹಾಕಿದವರು ಒಬ್ಬರೋ ಇಬ್ಬರೋ. ಉಳಿದವರದ್ದು 50, 60. ಕ್ವಾರ್ಟರ್ ಅಂದರೆ 180 ಎಂಎಲ್, 42.8 ಪರ್ಸೆಂಟ್, ಹತ್ತಿರ ಹತ್ತಿರ 60 ಗ್ರಾಂ ಆಲ್ಕೋಹಾಲ್. ಲೆಕ್ಕ ಸಲೀಸು. ಗೋವಾ ಗಡಿ ದಾಟಿ ನೀರಿನ ಬಾಟಲಿಯಲ್ಲಿ ಬರುವ ಫೆನ್ನಿ ಮಾತ್ರ ಇವತ್ತಿಗೂ ತಲೆನೋವು.

ಕೇಳುವವರನ್ನೂ ಬದಲಿಸಿದೆ. ಚಿಕಿತ್ಸೆಗೆ ಸಂಬಂಧವೇ ಇಲ್ಲದ ಇಬ್ಬರು ಹುಡುಗರು. ಊದಿಸಿ ನೋಡಿದ ಮೇಲೇ ಮಾತು. ಮೀಟರ್ ಏರಿದರೆ ಇನ್ನೊಂದು ದಿನ ಬನ್ನಿ ಅನ್ನೋದು. ಕೂರುವ ಮೊದಲೇ ಹೇಳಿಬಿಡ್ತೇವೆ: "ಕೊನೆಗೆ ಮೂತ್ರ ನೋಡ್ತೇವೆ. ಮನೆಯವರಿಗೂ ಡಾಕ್ಟರಿಗೂ ಹೇಳಲ್ಲ." ಮೂತ್ರದಲ್ಲಿ ಆಲ್ಕೋಹಾಲ್ ಗುರುತು ಹುಡುಕುವ ಇಟಿಜಿ ಸ್ಟ್ರಿಪ್ ಎರಡು ಮೂರು ದಿನದ ಹಿಂದಿನದ್ದಷ್ಟೇ ಹಿಡಿಯುತ್ತದೆ, ಆದರೆ ಅದು ಬರುತ್ತದೆ ಅಂತ ಗೊತ್ತಾದರೆ ಸಾಕು. ಕ್ಯಾಲೆಂಡರ್ ತುಂಬಿದ ಮೇಲೆ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ, ಊರೆಲ್ಲ ಗೊತ್ತಾದರೆ ಕೆಲಸ ಮಾಡಲ್ಲ.

ಮಾತಿಗೂ ಸ್ಟ್ರಿಪ್ಪಿಗೂ ತಾಳೆಯಾಗದವರು ನಾಲ್ಕೈದು ಜನ ಇದ್ದರು ಅಷ್ಟೆ. ಅವರಲ್ಲಿ ಒಬ್ಬ ಸುಳ್ಳು ಹೇಳಿರಲೇ ಇಲ್ಲ, ದಿನಾ ದಶಮೂಲಾರಿಷ್ಟ ಕುಡಿಯುತ್ತಿದ್ದ, ಆ ಆಯುರ್ವೇದ ಔಷಧಿಯಲ್ಲೇ ಆಲ್ಕೋಹಾಲ್ ಇರುತ್ತದೆ! ಹೆಂಡತಿಯರು ಹೇಳಿದ್ದಕ್ಕಿಂತ ಗಂಡಂದಿರೇ ಜಾಸ್ತಿ ಒಪ್ಪಿಕೊಂಡರು. ಬಂದರಿನಲ್ಲಿ ಕುಡಿದದ್ದು ಮನೆಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮುಂದೆ ಶಿರಸಿ ಕಡೆ ತೋಟದ ಕೆಲಸದವರನ್ನು ನೋಡಬೇಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದು ಉಪಯೋಗಕ್ಕೆ ಬರಲ್ಲ. ಅಡಿಕೆ ಕೊನೆಕೊಯ್ಲು, ಸಂತೆ ದಿನ ಹಿಡಿದು ಹೊಸ ಕ್ಯಾಲೆಂಡರ್ ಗೀಚುತ್ತಾ ಕೂತಿದ್ದೇನೆ.