ಸೊಂಗ್ಕ್ರಾನ್ ನೀರಲ್ಲಿ ನೆನೆದ ಪಾಸ್‌ಪೋರ್ಟ್

ಏಪ್ರಿಲ್ 13ಕ್ಕೆ ಬ್ಯಾಂಕಾಕಿನಲ್ಲಿದ್ದೆ. ಸೊಂಗ್ಕ್ರಾನ್ ಅಂದ್ರೆ ಥಾಯ್ ಹೊಸವರ್ಷದ ಹಬ್ಬ, ಬೀದಿ ತುಂಬಾ ನೀರೆರಚಾಟ, ಗೊತ್ತಿದ್ದೂ ಪಾಸ್‌ಪೋರ್ಟನ್ನು ಸೊಂಟದ ಚೀಲದಲ್ಲೇ ಇಟ್ಕೊಂಡು ಹೋದೆ, ದಡ್ಡತನ. ರಾತ್ರಿ ತೆಗೆದರೆ ಹಾಳೆಗಳೆಲ್ಲಾ ನೆನೆಸಿಟ್ಟ ಹಪ್ಪಳ! ಹೇರ್ ಡ್ರೈಯರ್ ಹಿಡಿದೆ, ಅದೇ ದೊಡ್ಡ ತಪ್ಪು. ಫೋಟೋ ಪುಟದ ಪ್ಲಾಸ್ಟಿಕ್ ಪದರ ಬಿಸಿಗೆ ಸುರುಟಿ ಎದ್ದು ಬಂತು. ಸುಮ್ನೆ ಪುಟಗಳ ನಡುವೆ ಟಿಶ್ಯೂ ಇಟ್ಟು ಫ್ಯಾನ್ ಕೆಳಗೆ ಬಿಡಬೇಕಿತ್ತು.

ಹಬ್ಬದ ರಜೆ ಮುಗಿಯೋವರೆಗೂ ಕಾದು, ಸುಖುಮ್ವಿತ್ ರಸ್ತೆಯ 23ನೇ ಗಲ್ಲಿಯಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಹೋದೆ. ಹೊಸ ಪಾಸ್‌ಪೋರ್ಟಿಗೆ ಕಾಯುವಷ್ಟು ದಿನ ಇರಲಿಲ್ಲ, ಹಾಗಾಗಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಿದೆ. ಅದು ಭಾರತಕ್ಕೆ ವಾಪಸಾಗೋಕೆ ಮಾತ್ರ, ಬೇರೆ ದೇಶ ಸುತ್ತೋಕಾಗಲ್ಲ. ಮೊಬೈಲಲ್ಲಿದ್ದ ಪಾಸ್‌ಪೋರ್ಟ್ ಸ್ಕ್ಯಾನು ಇಲ್ಲಿ ಕೈ ಹಿಡಿಯಿತು.

ಅದು ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ಥಾಯ್ಲೆಂಡ್ ಒಳಗೆ ಬಂದ ಸೀಲ್ ಹಳೇ ಪುಸ್ತಕದಲ್ಲಿತ್ತಲ್ವಾ, ಅದಕ್ಕೆ ಅಲ್ಲಿನ ಇಮಿಗ್ರೇಶನ್ ಕಚೇರಿಗೂ ಹೋಗಬೇಕಾಯ್ತು.

ಊರಿಗೆ ಬಂದು ಮರುವಿತರಣೆಗೆ ಅರ್ಜಿ ಹಾಕಿದೆ, ಹಾಳಾಗಿದ್ದು ಹೇಗೆ ಅಂತ ಅಫಿಡವಿಟ್ ಸಮೇತ. ನಂಬರು, ಹೆಸರು ಓದೋಕಾಗಿ ಫೋಟೋನೂ ನೆಟ್ಟಗಿದ್ದರೆ ತತ್ಕಾಲ್‌ನಲ್ಲೂ ಹಾಕಬಹುದು. ನನ್ನ ಹೆಸರಿನ ಅರ್ಧ ಅಳಿಸಿಹೋಗಿತ್ತು, ಮಾಮೂಲಿ ಸಾಲಲ್ಲೇ ನಿಂತೆ.