ಮೂತಿ ಮುದ್ದೆಯಾಗಲಿ, ಕ್ಯಾಬಿನ್ ಅಲುಗದಿರಲಿ: ಕಾರಿನ ಡಿಕ್ಕಿ ಪರೀಕ್ಷೆ ನಡೆಯುವುದು ಹೀಗೆ

ಡಿಕ್ಕಿಯಲ್ಲಿ ಕಾರಿನ ಮುಂಭಾಗ ನಜ್ಜುಗುಜ್ಜಾದರೆ ‘ತಗಡು ಡಬ್ಬ’ ಎಂದು ಮೂಗು ಮುರಿಯುವವರೇ ಹೆಚ್ಚು. ಲೆಕ್ಕ ಹೇಳುವುದೇ ಬೇರೆ. ಗಂಟೆಗೆ 64 ಕಿ.ಮೀ. ವೇಗದಲ್ಲಿರುವ ಕಾರು 60 ಸೆಂ.ಮೀ. ಕುಗ್ಗಿ ನಿಂತರೆ ಕ್ಯಾಬಿನ್‌ಗೆ ಬೀಳುವ ಹೊಡೆತ ಸರಾಸರಿ ಗುರುತ್ವದ 27 ಪಟ್ಟು. 30 ಸೆಂ.ಮೀ. ಮಾತ್ರ ಕುಗ್ಗಿದರೆ 54 ಪಟ್ಟು. ಹಾಗಾಗಿ ಮೂತಿ ಮಡಚಿಕೊಳ್ಳಲೇಬೇಕು, ಜನ ಕೂರುವ ಜಾಗ ಮಾತ್ರ ಅಲುಗಬಾರದು.

ಮೊದಲ ಡಿಕ್ಕಿ ಕಂಪ್ಯೂಟರ್‌ನಲ್ಲಿ. ಇಡೀ ಕಾರನ್ನು ಕೆಲವೇ ಮಿ.ಮೀ. ಅಗಲದ ಲಕ್ಷಾಂತರ ತುಣುಕುಗಳಾಗಿ ವಿಂಗಡಿಸಿ, ಪ್ರತಿಯೊಂದೂ ಹೇಗೆ ಬಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆದರೆ ಸ್ಪಾಟ್ ವೆಲ್ಡಿಂಗ್ (ತಗಡುಗಳನ್ನು ಅಲ್ಲಲ್ಲಿ ಚುಕ್ಕೆಯಂತೆ ಬೆಸೆದದ್ದು) ಯಾವಾಗ ಕಿತ್ತುಬರುತ್ತದೆ, ಪ್ಲಾಸ್ಟಿಕ್ ಎಲ್ಲಿ ಸೀಳುತ್ತದೆ ಎಂಬುದನ್ನು ನಿಖರವಾಗಿ ಊಹಿಸುವುದು ಕಷ್ಟ. ಆಮೇಲಿನದು ಸ್ಲೆಡ್ ಪರೀಕ್ಷೆ: ಹಳಿಯ ಮೇಲಿನ ಬಂಡಿಗೆ ಸೀಟು, ಬೆಲ್ಟ್, ಏರ್‌ಬ್ಯಾಗ್ ಜೋಡಿಸಿ ಡಿಕ್ಕಿಯಷ್ಟೇ ರಭಸದ ಜರ್ಕ್ ಕೊಡುತ್ತಾರೆ. ಕಾರೊಂದನ್ನು ಬಲಿ ಕೊಡದೆ ಬೆಲ್ಟ್ ಹೊಂದಿಸಲು ಇದೇ ದಾರಿ.

ನಿಜವಾದ ಡಿಕ್ಕಿಗೆ ಮುಂಚಿನ ತಯಾರಿಗೇ ಹೆಚ್ಚು ಸಮಯ ಬೇಕು. ಮುಂಭಾಗದ ಡಿಕ್ಕಿಗೆ ಬಹುಕಾಲದಿಂದ ಬಳಕೆಯಲ್ಲಿರುವ ‘ಹೈಬ್ರಿಡ್ 3’ ಗಂಡು ಡಮ್ಮಿಯ (ಸೆನ್ಸರ್ ತುಂಬಿದ ಮನುಷ್ಯಾಕಾರದ ಬೊಂಬೆ) ತೂಕ ಸುಮಾರು 78 ಕೆ.ಜಿ. ಅದನ್ನು ಸುಮಾರು 21 ಡಿಗ್ರಿ ಸೆಲ್ಸಿಯಸ್ ತಾಪದಲ್ಲೇ ಇಡಬೇಕು. ಪಕ್ಕೆಲುಬುಗಳಿಗೆ ಅಂಟಿಸಿದ ರಬ್ಬರಿನಂಥ ಪದರ ಚಳಿಗೆ ಬಿಗಿಯಾಗುತ್ತದೆ, ಸೆಕೆಗೆ ಮೆದುವಾಗುತ್ತದೆ. ಆಗ ಎದೆಯ ಅಳತೆ ಸುಳ್ಳು ಹೇಳುತ್ತದೆ. ತಲೆಗೊಂದು ಬಣ್ಣ, ಮೊಣಕಾಲಿಗೊಂದು ಬಣ್ಣ ಬಳಿಯುತ್ತಾರೆ. ಏರ್‌ಬ್ಯಾಗ್‌ನ ನಡುವೆ ಬಿದ್ದ ಬಣ್ಣ ಒಳ್ಳೆಯ ಸುದ್ದಿ. ಅಂಚಿನಲ್ಲೋ ಚಾವಣಿ ಹೊರುವ ಪಕ್ಕದ ಕಂಬದ ಮೇಲೋ ಬಿದ್ದಿದ್ದರೆ ತಲೆ ಜಾರಿದೆ ಎಂದರ್ಥ.

ಇಷ್ಟಾದ ಮೇಲೆ, ಉದಾಹರಣೆಗೆ, ಜೇನುಗೂಡಿನಂಥ ಅಲ್ಯೂಮಿನಿಯಂ ತಡೆಗೆ ಕಾರಿನ ಅಗಲದ ಶೇ 40 ಭಾಗ ಮಾತ್ರ ತಾಗುವಂತೆ 64 ಕಿ.ಮೀ. ವೇಗದಲ್ಲಿ ಗುದ್ದಿಸುತ್ತಾರೆ. ಎಲ್ಲ ಮುಗಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆದ್ದರಿಂದ ಸೆಕೆಂಡಿಗೆ 1,000 ಚಿತ್ರ ತೆಗೆಯುವ ಕ್ಯಾಮೆರಾಗಳು ಬೇಕು.

ಎಂಜಿನಿಯರ್‌ಗಳ ನಿಜವಾದ ಕೆಲಸ ಇಲ್ಲಿಂದ ಶುರು. ಸೊಂಟದ ಮೂಳೆಯ ಸೆನ್ಸರ್‌ನಲ್ಲಿ ಏರುತ್ತಿದ್ದ ಒತ್ತಡ ತಟ್ಟನೆ ಕುಸಿದರೆ, ಬೆಲ್ಟ್ ಮೂಳೆ ಬಿಟ್ಟು ಹೊಟ್ಟೆಯ ಮೇಲೆ ಹತ್ತಿರಬಹುದು. ವಿಡಿಯೊದಲ್ಲಿ ಡಮ್ಮಿ ಆರಾಮವಾಗಿ ಕೂತಂತೆ ಕಂಡರೂ ನಿಜವಾದ ಮನುಷ್ಯನಾಗಿದ್ದರೆ ಕರುಳಿಗೆ ಪೆಟ್ಟು. ಇದಕ್ಕೆ ಮದ್ದು, ಸೀಟಿನ ತಳದ ಮುಂಭಾಗವನ್ನು ಎತ್ತರಿಸಿ ಬಿಗಿಗೊಳಿಸುವುದು, ಸೊಂಟದ ಬೆಲ್ಟನ್ನು ಡಿಕ್ಕಿಯಾದ ಕ್ಷಣವೇ ಎಳೆದು ಹಿಡಿಯುವ ಪ್ರಿಟೆನ್ಷನರ್ ಹಾಕುವುದು. ಎದೆ ತೀರಾ ಒತ್ತಿದ್ದರೆ ತದ್ವಿರುದ್ಧ: ನಿಗದಿತ ಬಲ ದಾಟಿದೊಡನೆ ಬೆಲ್ಟ್ ತುಸು ಸಡಿಲ ಬಿಡುವ ಲೋಡ್ ಲಿಮಿಟರ್ ಬೇಕು. ಅತಿಯಾಗಿ ಸಡಿಲಿಸಿದರೆ ತಲೆ ಸ್ಟೀರಿಂಗ್‌ಗೆ ಬಡಿಯುತ್ತದೆ.

ಕಂಬ ಬಾಗಿದ್ದರೆ ಬಿಸಿ ಅಚ್ಚಿನ ಬೋರಾನ್ ಉಕ್ಕಿಗೆ ಮೊರೆ. ಸುಮಾರು 900 ಡಿಗ್ರಿಗೆ ಕಾಯಿಸಿ, ಅಚ್ಚಿನೊಳಗೇ ಥಟ್ಟನೆ ತಣಿಸಿದ ಈ ಉಕ್ಕು ಸುಮಾರು 1,500 ಮೆಗಾಪಾಸ್ಕಲ್ (ಉಕ್ಕಿನ ಬಲದ ಅಳತೆ) ತಾಳುತ್ತದೆ. ಮೂತಿಯಲ್ಲಿ ಬಳಸಿದರೆ ಕೆಲಸ ಕೆಟ್ಟಿತು, ಅದು ಮಡಚುವುದಿಲ್ಲ.

ಪರೀಕ್ಷೆಗೆ ತಕ್ಕಷ್ಟೇ ಓದುವವರು ಇಲ್ಲೂ ಇದ್ದಾರೆ. 2012ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ ಕಾರಿನ ಅಗಲದ ಶೇ 25 ಭಾಗ ಮಾತ್ರ ತಾಗುವ ಡಿಕ್ಕಿ ಪರೀಕ್ಷೆ ತಂದಾಗ ಹೊಡೆತ ಮುಂದಿನ ಉಕ್ಕಿನ ತೊಲೆಗಳನ್ನು ತಪ್ಪಿಸಿಕೊಂಡು ಹೋಯಿತು. ಚಕ್ರವೇ ಕಾಲಿಡುವ ಜಾಗಕ್ಕೆ ನುಗ್ಗಿತು. ಪರೀಕ್ಷೆ ನಡೆಯುತ್ತಿದ್ದುದು ಚಾಲಕನ ಬದಿಯಲ್ಲಿ. ಕೆಲವು ತಯಾರಕರು ಆ ಬದಿಯನ್ನಷ್ಟೇ ಬಲಪಡಿಸಿದರು. 2017ರಲ್ಲಿ ಸಂಸ್ಥೆ ಪಕ್ಕದ ಸೀಟಿನ ಬದಿಯನ್ನೂ ಗುದ್ದಿಸತೊಡಗಿತು.